ರೇನ್‌ಕೋಟಿನೊಳಗೆ ತೊಯ್ದಿದ್ದು ಮಳೆಗೋ, ಬೆವರಿಗೋ? ನಮ್ಮ ಕಡೆಯ ಮಳೆಗೆ ಜಾಕೆಟ್ ಆರಿಸುವ ಬಗೆ

ಆರಿದ್ರಾ ಮಳೆ ಹಿಡಿದಾಗ ಪಡಸಾಲೆಯ ಹಗ್ಗದ ಮೇಲೆ ಹಾಕಿದ ಬನಿಯನ್ನು ಮೂರು ದಿನ ಆದರೂ ಒಣಗುವುದಿಲ್ಲ, ಅಲ್ವಾ? ಮುಟ್ಟಿದರೆ ಹಸಿಹಸಿ, ಮೂಸಿದರೆ ಮುಗ್ಗು ವಾಸನೆ. ಆ ಬನಿಯನ್ನಿಗೆ ಯಾವ ಲೇಪನವೂ ಇಲ್ಲ, ಬರೀ ಹತ್ತಿ, ಮೈತುಂಬ ತೂತು. ಅದಕ್ಕಿಂತ ಚೆನ್ನಾಗಿ ಗಾಳಿಯಾಡುವ ಬಟ್ಟೆ ಬೇಕೆಂದರೂ ಸಿಗುವುದು ಕಷ್ಟ. ಆದರೂ ಅದರ ನೀರು ಬಿಟ್ಟು ಹೋಗಲಿಲ್ಲ, ಯಾಕೆಂದರೆ ಹೊರಗಿನ ಗಾಳಿ ಮೊದಲೇ ನೀರು ಕುಡಿದು ಕೂತಿತ್ತು.

ಈಗ ಅಂಗಡಿಯಲ್ಲಿ ತೂಗುಹಾಕಿರುವ ಜಾಕೆಟ್ಟನ್ನು ನೆನೆಸಿಕೊಳ್ಳಿ. ಮಳೆ ಒಳಗೆ ಬರುವುದಿಲ್ಲ, ಬೆವರು ಮಾತ್ರ ಹೊರಗೆ ಹೋಗುತ್ತದೆ, ಇದು ಉಸಿರಾಡುವ ಬಟ್ಟೆ ಅಂತ ಅದರ ಚೀಟಿಯಲ್ಲಿ ಬರೆದಿರುತ್ತದೆ. ಸುಳ್ಳಲ್ಲ. ಆದರೆ ತೂತು ತೂತಿನ ಬನಿಯನ್ನಿನಿಂದಲೇ ನೀರು ತೆಗೆದುಕೊಳ್ಳದ ಗಾಳಿ, ವಾಟರ್‌ಪ್ರೂಫ್ ಬಟ್ಟೆಯ ಒಳಗಿನಿಂದ ನಿಮ್ಮ ಬೆವರನ್ನು ಎಷ್ಟು ಎಳೆದುಕೊಂಡೀತು? ದುಡ್ಡು ಕೊಡುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಾನು ಕೊಟ್ಟ ಮೇಲೆ ಕೇಳಿಕೊಂಡೆ.

ನಾನಿರುವುದು ಧಾರವಾಡ, ಕೆಲಸ ಹುಬ್ಬಳ್ಳಿ. ದಿನಾ ಇಪ್ಪತ್ತು ಕಿಲೋಮೀಟರ್ ಹೋಗುವುದು, ಅಷ್ಟೇ ಬರುವುದು, ಹೆಚ್ಚಿನ ದಿನ ಗಾಡಿ ಮೇಲೆ, ಮೈಗೆ ಹುಮ್ಮಸ್ಸು ಬಂದ ರವಿವಾರ ಸೈಕಲ್ ಮೇಲೆ. ಈ ಎರಡೂರಿನ ನಡುವೆ ಓಡಾಡುವವರಿಗೆ ಗೊತ್ತು, ಹುಬ್ಬಳ್ಳಿ ಬಿಡುವಾಗ ಬಿಸಿಲು ಹೊಳೆಯುತ್ತಿರುತ್ತದೆ, ನವಲೂರು ದಾಟುವಷ್ಟರಲ್ಲಿ ಜಿಟಿಜಿಟಿ ಶುರುವಾಗಿರುತ್ತದೆ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೇನ್‌ಕೋಟ್ ನಮಗೆ ಹಲ್ಲುಜ್ಜುವ ಬ್ರಶ್ಶಿನ ಹಾಗೆ. ಒಂದು ವರ್ಷ ಹಳೆಯ ಪ್ಲಾಸ್ಟಿಕ್ ಕೋಟಿಗೆ ಬೇಸತ್ತು ಜಾಸ್ತಿ ದುಡ್ಡು ಕೊಟ್ಟು ಉಸಿರಾಡುವ ಜಾಕೆಟ್ ತಂದೆ. ರವಿವಾರ ಅದನ್ನು ಹಾಕಿಕೊಂಡು ಸೈಕಲ್ ತುಳಿದು ಉಣಕಲ್ ಕೆರೆ ಮುಟ್ಟಿ ಚಹಾ ಅಂಗಡಿ ಮುಂದೆ ಜಾಕೆಟ್ ಬಿಚ್ಚಿದರೆ, ಅಂಗಿ ಮೈಗೆ ಅಂಟಿಕೊಂಡಿತ್ತು. "ಕೋಟ್ ಹಾಕ್ಕೊಂಡೂ ಹಿಂಗ್ಯಾಕ್ ತೊಯ್ದೀರಿ ಸರ?" ಅಂದ ಚಹಾದವನು. ಸಿಟ್ಟು ಬಂತು. ಮರುದಿನ ಜಾಕೆಟ್ ಹಿಡಿದುಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಏನೂ ಮಾತಾಡದೆ ಅದರ ಬೆನ್ನಿನ ಭಾಗವನ್ನು ಜೋಳಿಗೆ ಹಾಗೆ ಹಿಡಿದು ನಲ್ಲಿ ನೀರು ತುಂಬಿಸಿ, ಐದು ನಿಮಿಷ ಹಾಗೇ ಹಿಡಿದುಕೊಂಡು ನಿಂತರು. ಕೆಳಗೆ ಒಂದು ಹನಿ ಬೀಳಲಿಲ್ಲ. "ಜಾಕೆಟ್ ಸೋರಿಲ್ಲರಿ, ನೀವ ಸೋರೀರಿ" ಅಂದರು.

ಅವರ ಮಾತು ನಿಜ. ಅಲ್ಲಿಂದ ಈ ವಿಷಯದ ಬೆನ್ನು ಹತ್ತಿದೆ.

ಜಾಕೆಟ್ ಉಸಿರಾಡುವುದು ಅಂದರೆ

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆದುಬಿಡೋಣ. ಇಂಥ ಜಾಕೆಟ್ಟಿನೊಳಗೆ ಗಾಳಿ ಆಡುವುದಿಲ್ಲ. ಗಾಳಿಯನ್ನೂ ಅದು ಬಹುತೇಕ ತಡೆದೇ ತಡೆಯುತ್ತದೆ, ಗಾಡಿ ಮೇಲೆ ಹೋಗುವಾಗ ಬೆಚ್ಚಗಿರುವುದು ಅದಕ್ಕೇ. ಹೊರಗೆ ಹೋಗುವುದು ನೀರಿನ ಆವಿ ಮಾತ್ರ. ಬೆವರು ಹನಿಯಾಗಿ ಇಳಿಯಲು ಶುರುವಾದರೆ ಅದಕ್ಕೆ ದಾರಿ ಇಲ್ಲ, ಮತ್ತೆ ಆವಿಯಾಗಬೇಕು, ಆಮೇಲೆ ದಾಟಬೇಕು.

ಬಿಸಿ ರೊಟ್ಟಿ ನೆನೆಸಿಕೊಂಡರೆ ಸುಲಭ. ತವೆಯಿಂದ ತೆಗೆದ ಜೋಳದ ರೊಟ್ಟಿಯನ್ನು ಬುಟ್ಟಿಯಲ್ಲಿ ಬಟ್ಟೆ ಸುತ್ತಿ ಇಟ್ಟರೆ ಹದವಾಗಿ ಉಳಿಯುತ್ತದೆ. ಅದೇ ರೊಟ್ಟಿಯನ್ನು ಬಿಸಿಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದರೆ ಚೀಲದ ಒಳಮೈ ಬೆವರುತ್ತದೆ, ರೊಟ್ಟಿ ಹಸಿ ಹಿಟ್ಟಿನಂತಾಗುತ್ತದೆ. ರಸ್ತೆ ಬದಿ ಸಿಗುವ ಅಗ್ಗದ ಪಿವಿಸಿ ರೇನ್‌ಕೋಟ್ ಅಂದರೆ ಆ ಪ್ಲಾಸ್ಟಿಕ್ ಚೀಲ, ಒಳಗಿನ ರೊಟ್ಟಿ ನೀವು. ಒಳ್ಳೆಯ ಜಾಕೆಟ್ ಬುಟ್ಟಿಗೂ ಚೀಲಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ.

ಈ ಗೋಳು ಹೊಸದೇನಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ಎರಡು ಬಟ್ಟೆಗಳ ನಡುವೆ ರಬ್ಬರ್ ಹಚ್ಚಿ ಮಳೆಬಟ್ಟೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1823ರಲ್ಲಿ. ಮಳೆ ನಿಂತಿತು, ಬೆವರೂ ಒಳಗೇ ನಿಂತಿತು. ಅಲ್ಲಿಂದ ಸುಮಾರು ನೂರೈವತ್ತು ವರ್ಷ ಕಳೆದು 1969ರಲ್ಲಿ ಅಮೆರಿಕದ ಬಾಬ್ ಗೋರ್ ಅನ್ನುವವರು ಪಿಟಿಎಫ್‌ಇ ಅನ್ನುವ ವಸ್ತುವಿನ ಬಿಸಿ ಸರಳನ್ನು ಮೆಲ್ಲಗೆ ಎಳೆಯುವ ಬದಲು ಗಕ್ಕನೆ ಜಗ್ಗಿದರು. ಅದು ತುಂಡಾಗದೆ ಹಿಗ್ಗಿತು, ಮೈತುಂಬ ಕಣ್ಣಿಗೆ ಕಾಣದ ತೂತು ಬಿದ್ದವು. ಪಿಟಿಎಫ್‌ಇ ಅಂದರೆ ಬೇರೇನಲ್ಲ, ನಿಮ್ಮ ಮನೆಯ ನಾನ್‌ಸ್ಟಿಕ್ ತವೆ ಮೇಲಿನ ಟೆಫ್ಲಾನ್. ಆ ತೂತಿನ ಹಾಳೆಯೇ ಗೋರ್‌ಟೆಕ್ಸ್ ಆಯಿತು, 1970ರ ದಶಕದಲ್ಲೇ ಅದರ ಮೊದಲ ಜಾಕೆಟ್‌ಗಳು ಮಾರಾಟಕ್ಕೆ ಬಂದವು. ಒಂದೊಂದು ತೂತು ನೀರಿನ ಹನಿಗಿಂತ ಸಾವಿರಾರು ಪಟ್ಟು ಚಿಕ್ಕದು, ಆವಿಯ ಕಣಕ್ಕಿಂತ ನೂರಾರು ಪಟ್ಟು ದೊಡ್ಡದು. ಹನಿ ಒಳಗೆ ಬರಲಾರದು, ಆವಿ ಹೊರಗೆ ಹೋಗಬಹುದು.

ಇನ್ನೊಂದು ಬಗೆಯ ಪೊರೆಯೂ ಇದೆ, ಅದರಲ್ಲಿ ತೂತೇ ಇರುವುದಿಲ್ಲ. ಪಾಲಿಯುರೆಥೇನ್‌ನಂಥ (ಚಿಕ್ಕದಾಗಿ ಪಿಯು) ಪದರ ಒಳಗಿನ ತೇವವನ್ನು ಹೀರಿಕೊಂಡು, ಕಣಕಣವಾಗಿ ಆಚೆ ಬದಿಗೆ ದಾಟಿಸಿ, ಅಲ್ಲಿ ಆರಲು ಬಿಡುತ್ತದೆ. ಮಧ್ಯಮ ಬೆಲೆಯ ಬಹಳಷ್ಟು ಜಾಕೆಟ್‌ಗಳ ಒಳಗಿರುವುದು ಪಿಯು ಲೇಪನವೇ. ತೂತಿನದೇ ಇರಲಿ, ತೂತಿಲ್ಲದ್ದೇ ಇರಲಿ, ಎರಡಕ್ಕೂ ಒಂದೇ ಷರತ್ತು. ಒಳಗೆ ಆವಿ ಜಾಸ್ತಿ, ಹೊರಗೆ ಕಡಿಮೆ ಇರಬೇಕು. ಆ ವ್ಯತ್ಯಾಸವೇ ಆವಿಯನ್ನು ತಳ್ಳುವುದು. ಜಾಕೆಟ್ಟಿನಲ್ಲಿ ಪಂಪು ಗಿಂಪು ಏನೂ ಇಲ್ಲ.

ನಮ್ಮ ಗಾಳಿಯ ಲೆಕ್ಕ

ಜಾಕೆಟ್ಟಿನ ಒಳಗೆ, ಮೈಗೆ ಹತ್ತಿದ ಗಾಳಿ ಸುಮಾರು 32 ಡಿಗ್ರಿ ಇದ್ದು ಬೆವರಿನಿಂದ ಪೂರ್ತಿ ತೇವವಾಗಿದೆ ಅಂದುಕೊಳ್ಳಿ. ಅಂಥ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 34 ಗ್ರಾಂ ಆವಿ ಇರುತ್ತದೆ. ಹೊರಗೆ ಸ್ಕಾಟ್ಲೆಂಡಿನ ಗುಡ್ಡ, 5 ಡಿಗ್ರಿ ಚಳಿ, ಜಡಿಮಳೆ. ಅಲ್ಲಿಯ ಗಾಳಿ ಎಷ್ಟೇ ತೇವವಾಗಿದ್ದರೂ 7 ಗ್ರಾಂ ಮೇಲೆ ಹಿಡಿಯಲಾರದು. ವ್ಯತ್ಯಾಸ 27 ಗ್ರಾಂ. ಅಲ್ಲಿ ಜಾಕೆಟ್ ಕೆಲಸ ಮಾಡುತ್ತದೆ. ಈಗ ಜುಲೈ ತಿಂಗಳ ಧಾರವಾಡಕ್ಕೆ ಬನ್ನಿ. 24 ಡಿಗ್ರಿ, ಗಾಳಿಯಲ್ಲಿ ನೂರಕ್ಕೆ ತೊಂಬತ್ತು ತೇವ. ಹೊರಗಿನ ಗಾಳಿಯಲ್ಲೇ 20 ಗ್ರಾಂ ಹತ್ತಿರ ಆವಿ ಇದೆ. ವ್ಯತ್ಯಾಸ 14. ಅದೇ ಜಾಕೆಟ್, ಅದೇ ಬೆಲೆ, ತಳ್ಳುವ ಶಕ್ತಿ ಮಾತ್ರ ಅರ್ಧ. ಮೇ ತಿಂಗಳ ಹುಬ್ಬಳ್ಳಿಯ ಒಣ ಮಧ್ಯಾಹ್ನ ಇದೇ ಜಾಕೆಟ್ ಹಾಕಿಕೊಂಡರೆ ಆವಿ ಸರಾಗವಾಗಿ ದಾಟುತ್ತದೆ, ಆದರೆ ಆಗ ಹಾಕಿಕೊಳ್ಳುವವರು ಯಾರು!

ಇನ್ನು ಚೀಟಿ ಮೇಲಿನ ಸಂಖ್ಯೆಗಳು. ಸಾಮಾನ್ಯವಾಗಿ ಎರಡು ಇರುತ್ತವೆ. ಮೊದಲನೆಯದು ಮಿಲಿಮೀಟರಿನಲ್ಲಿ, 5,000 ಅಥವಾ 10,000 ಅಥವಾ 20,000. ಬಟ್ಟೆಯ ಮೇಲೆ ಅಷ್ಟು ಎತ್ತರ ನೀರು ನಿಂತರೆ ಬರುವ ಒತ್ತಡಕ್ಕೂ ಒಸರುವುದಿಲ್ಲ ಅಂತ ಅರ್ಥ. ಎರಡನೆಯದು ಗ್ರಾಂನಲ್ಲಿ, ಒಂದು ಚದರ ಮೀಟರ್ ಬಟ್ಟೆ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ದಾಟಿಸುತ್ತದೆ ಅಂತ. 10,000 ಅಂದಿದ್ದರೆ ದಿನಕ್ಕೆ ಹತ್ತು ಕಿಲೋ, ಅಂದರೆ ಗಂಟೆಗೆ ಸುಮಾರು 400 ಗ್ರಾಂ. ಒಂದು ಜಾಕೆಟ್ ಅಂದಾಜು ಒಂದು ಚದರ ಮೀಟರೋ ಇನ್ನೂ ತುಸು ಜಾಸ್ತಿಯೋ ಇರುತ್ತದೆ. ಜೋರಾಗಿ ಸೈಕಲ್ ತುಳಿಯುವವನು ಗಂಟೆಗೆ ಒಂದು ಲೀಟರ್‌ವರೆಗೂ ಬೆವರಬಲ್ಲ. ಕಾಗದದ ಮೇಲಿನ ಲೆಕ್ಕದಲ್ಲೇ ಅರ್ಧಕ್ಕಿಂತ ಜಾಸ್ತಿ ಒಳಗೆ ಉಳಿಯಿತು.

ಆ 400 ಗ್ರಾಂ ಕೂಡ ಪ್ರಯೋಗಾಲಯದ ಮಾತು. ಕಂಪನಿಗಳು ಬಹಳ ಸಲ ಬಳಸುವ ಜಪಾನಿ ವಿಧಾನ ಒಂದಿದೆ, ಬಿ1 ಅಂತ ಕರೆಯುತ್ತಾರೆ. ಅದರಲ್ಲಿ ಬಟ್ಟೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ತೇವ ಕಂಡರೆ ಬಾಯಿ ತೆರೆದು ಕುಡಿಯುವ ಪೊಟ್ಯಾಸಿಯಂ ಅಸಿಟೇಟ್ ಅನ್ನುವ ಲವಣ. ಆ ಲವಣ ಎಳೆದ ಹಾಗೆ ನಮ್ಮ ಸಾಧನಕೇರಿಯ ಜುಲೈ ಗಾಳಿ ಎಳೆಯುತ್ತದೆಯೇ? ವಿಧಾನ ಬದಲಾದರೆ ಅದೇ ಬಟ್ಟೆಯ ಸಂಖ್ಯೆಯೂ ಪೂರ್ತಿ ಬದಲಾಗುತ್ತದೆ. ಹಾಗಾಗಿ ಒಂದು ಕಂಪನಿಯ 15,000ವನ್ನು ಇನ್ನೊಂದರ 10,000ಕ್ಕೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ. ಚೀಟಿಯಲ್ಲಿ ಆರ್‌ಇಟಿ, ಅಂದರೆ ಆವಿಗೆ ಬಟ್ಟೆ ಒಡ್ಡುವ ತಡೆ, ಅಂತ ಇದ್ದರೆ ಅದನ್ನು ಹೆಚ್ಚು ನಂಬಬಹುದು, ಬೆವರುವ ಬಿಸಿ ತಟ್ಟೆಯ ಮೇಲೆ ಬಟ್ಟೆ ಇಟ್ಟು ಅಳೆಯುತ್ತಾರೆ. ಅದರಲ್ಲಿ ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. 6ರ ಒಳಗಿದ್ದರೆ ಬಹಳ ಚೆನ್ನ, 20 ದಾಟಿದರೆ ಸೆಖೆ ಗ್ಯಾರಂಟಿ.

ಹಾಗಾದರೆ ಬ್ರೀದಬಲ್ ಅನ್ನುವುದು ಬರೀ ಬೊಗಳೆಯಾ? ಅಲ್ಲ. ಮೆಲ್ಲಗೆ ನಡೆಯುವಾಗ, ಸುಮ್ನೆ ನಿಂತಾಗ, ಮಳೆ ನಿಂತು ಗಾಳಿ ತುಸು ಒಣಗಿದಾಗ ಪಿವಿಸಿಗೂ ಅದಕ್ಕೂ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಏರು ಹತ್ತುವಾಗ, ಸೈಕಲ್ ತುಳಿಯುವಾಗ ತಿಳಿಯುವುದಿಲ್ಲ.

ಸೋರಿದ್ದೋ ಬೆವರಿದ್ದೋ, ಪತ್ತೆ ಹಚ್ಚುವುದು

ಹೊಸ ಜಾಕೆಟ್ ಕೊಳ್ಳುವ ಮುಂಚೆ ಈಗ ಇರುವುದರ ರೋಗ ಏನು ಅಂತ ನೋಡಿ. ಒಳಗೆ ತೆಳು ಬಣ್ಣದ ಅಂಗಿ ಹಾಕಿ, ಮೇಲೆ ಜಾಕೆಟ್ ಹಾಕಿ ಜಿಪ್ಪೆಳೆದು, ಬಚ್ಚಲಲ್ಲಿ ಶವರ್ ಕೆಳಗೆ ಐದು ನಿಮಿಷ ಅಲುಗಾಡದೆ ನಿಲ್ಲಿ. ಶವರ್ ಇಲ್ಲದಿದ್ದರೆ ಮನೆಯವರ ಕೈಗೆ ತಂಬಿಗೆ ಕೊಡಿ, ಖುಷಿಯಿಂದ ಸುರಿಯುತ್ತಾರೆ. ಸುಮ್ನೆ ನಿಂತಾಗ ಬೆವರು ಬರುವುದಿಲ್ಲ, ಹಾಗಾಗಿ ಅಂಗಿ ಮೇಲೆ ಎಲ್ಲಿ ಕಲೆ ಕಂಡರೂ ಅದು ಸೋರಿಕೆಯೇ. ಹೊಲಿಗೆ ಗುಂಟ ಗೆರೆಯಾಗಿದೆಯೋ, ಜಿಪ್ಪಿನ ಹಿಂದೆಯೋ, ಕುತ್ತಿಗೆಯಿಂದ ಇಳಿದಿದೆಯೋ, ನೋಡಿಕೊಳ್ಳಿ. ಹೊಲಿಗೆಯಾದರೆ ರಿಪೇರಿ ಸಾಧ್ಯ, ಸೀಮ್ ಸೀಲರ್ ಅಂತ ಟ್ಯೂಬಿನಲ್ಲಿ ಬರುವ ಅಂಟು ಒಳಗಡೆಯಿಂದ ಹಚ್ಚಿ ಒಂದು ದಿನ ಆರಲು ಬಿಡಿ. ಶವರ್ ಕೆಳಗೆ ಒಣಗಿದ್ದು ರಸ್ತೆ ಮೇಲೆ ತೊಯ್ಯುತ್ತಿದ್ದರೆ ಅದು ಬೆವರು. ಬೆವರಿನ ಒದ್ದೆ ಗೆರೆಯಾಗಿ ಬರುವುದಿಲ್ಲ, ಬೆನ್ನು, ಭುಜ, ಮುಂಗೈ ತುಂಬ ಹರಡಿಕೊಂಡಿರುತ್ತದೆ. ಚೀಲ ಹಾಕಿಕೊಂಡಿದ್ದರೆ ಬೆನ್ನು ಇನ್ನೂ ಜಾಸ್ತಿ.

ಬಟ್ಟೆ ನಿಜಕ್ಕೂ ಆವಿ ಬಿಡುತ್ತದೆಯೇ ಅಂತ ನೋಡಲು ಒಂದು ಅಡಿಗೆಮನೆ ಪರೀಕ್ಷೆ ಇದೆ. ಸ್ಟೀಲ್ ಲೋಟದಲ್ಲಿ ಅರ್ಧ ಬಿಸಿ ನೀರು ಹಾಕಿ, ಕುದಿಯುವುದು ಬೇಡ, ಚಹಾ ಕುಡಿಯುವಷ್ಟು ಬಿಸಿ ಸಾಕು. ಲೋಟದ ಬಾಯಿಗೆ ಜಾಕೆಟ್ಟಿನ ಒಳಮೈ ಬರುವ ಹಾಗೆ ಬಟ್ಟೆ ಬಿಗಿದು ರಬ್ಬರ್ ಬ್ಯಾಂಡ್ ಹಾಕಿ. ಅದರ ಮೇಲೆ ತಣ್ಣಗಿನ ಗಾಜಿನ ಲೋಟ ಬೋರಲು ಹಾಕಿ. ಕೆಲವೇ ನಿಮಿಷದಲ್ಲಿ ಗಾಜು ಮಂಜಾದರೆ ಆವಿ ದಾಟುತ್ತಿದೆ ಅಂತ ಅರ್ಥ, ಪಿವಿಸಿಯಾದರೆ ಗಾಜು ಸ್ವಚ್ಛವಾಗಿಯೇ ಇರುತ್ತದೆ. ನಮ್ಮ ಮನೆಯಲ್ಲಿ ಇದನ್ನು ಮಾಡಿದಾಗ ಅವ್ವ ನೋಡಿ, "ರೇನ್‌ಕೋಟಿಗೂ ಚಹಾ ಕುಡಸ್ತೀಯೇನು?" ಅಂದಳು.

ಮೂರನೆಯದು ಹನಿ ಪರೀಕ್ಷೆ. ಇದು ಎಲ್ಲಕ್ಕಿಂತ ಮುಖ್ಯ ಅನ್ನುವೆ. ಜಾಕೆಟ್ಟಿನ ಭುಜದ ಮೇಲೆ ನೀರು ಚಿಮುಕಿಸಿ. ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಉರುಳಿ ಹೋಯಿತಾ, ಇಲ್ಲಾ ಬಟ್ಟೆ ಕಪ್ಪಾಗಿ ನೀರು ಕುಡಿಯಿತಾ? ಜಾಕೆಟ್ಟಿನ ಹೊರಮೈಗೆ ನೀರು ಜಾರಿಸುವ ಒಂದು ತೆಳು ಲೇಪನ ಇರುತ್ತದೆ, ಡಿಡಬ್ಲ್ಯೂಆರ್ ಅನ್ನುತ್ತಾರೆ. ಅದು ಸವೆದರೆ ಹೊರಬಟ್ಟೆ ನೀರು ಕುಡಿದು ಮೆತ್ತಗಾಗುತ್ತದೆ. ಒಳಗಿನ ಪೊರೆ ಗಟ್ಟಿಯಾಗೇ ಇರುತ್ತದೆ, ಮಳೆ ಒಳಗೆ ಬರುವುದಿಲ್ಲ, ಆದರೆ ಆವಿ ಹೊರಗೆ ಹೋಗುವ ದಾರಿ ಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗಾಯಿತು. ಸಾಲದ್ದಕ್ಕೆ ಒದ್ದೆ ಬಟ್ಟೆ ತಣ್ಣಗಿರುತ್ತದೆ, ಒಳಗಿನ ಆವಿ ಅದಕ್ಕೆ ತಾಗಿ ಹನಿಯಾಗಿ ಇಳಿಯುತ್ತದೆ. "ಎರಡು ವರ್ಷ ಚೆನ್ನಾಗಿತ್ತು, ಈಗ ಸೋರಲು ಶುರುವಾಗಿದೆ" ಅಂತ ಜನ ಹೇಳುವ ಜಾಕೆಟ್‌ಗಳಲ್ಲಿ ಎಷ್ಟೋ ಸೋರುತ್ತಿರುವುದಿಲ್ಲ, ಹೀಗಾಗಿರುತ್ತದೆ.

ಯಾರಿಗೆ ಯಾವುದು

ಗಾಡಿಯವರು ಮೊದಲು, ಯಾಕೆಂದರೆ ನಾವೇ ಜಾಸ್ತಿ. ಗಾಡಿ ಮೇಲೆ ಕೂತವನು ಮೈಕೈ ಆಡಿಸುವುದಿಲ್ಲ, ಬೆವರು ಕಡಿಮೆ, ಚೆನ್ನಮ್ಮ ಸರ್ಕಲ್ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಾಗ ಬಿಟ್ಟರೆ. ಆದರೆ ಮಳೆ ಎದುರಿನಿಂದ ಮುಖಕ್ಕೆ ರಾಚುತ್ತದೆ. ಹಾಗಾಗಿ ಉಸಿರಾಟಕ್ಕೆ ದುಡ್ಡು ಹಾಕಬೇಡಿ, ಹೊಲಿಗೆಗೆ ಹಾಕಿ. ಅಂಗಡಿಯಲ್ಲಿ ಜಾಕೆಟ್ ಒಳಮೈ ತಿರುವಿ ನೋಡಿ, ಎಲ್ಲ ಹೊಲಿಗೆ ಮೇಲೂ ಟೇಪ್ ಅಂಟಿಸಿರಬೇಕು, ಭುಜದ ಮೇಲೆ ಮಾತ್ರ ಅಂಟಿಸಿ ಕಂಕುಳಲ್ಲಿ ಬಿಟ್ಟಿರುವುದೂ ಉಂಟು. ಜಿಪ್ಪಿನ ಮೇಲೆ ಮುಚ್ಚುವ ಪಟ್ಟಿ ಇರಬೇಕು, ಎರಡು ಇದ್ದರೆ ಇನ್ನೂ ಒಳ್ಳೆಯದು. ಕೈಗೆ ಒಳಗೊಂದು ಹೊರಗೊಂದು ತೋಳಪಟ್ಟಿ. ಕಾಲರ್ ಗಲ್ಲದವರೆಗೆ ಬರಲಿ. ಟೊಪ್ಪಿಗೆ ಹೆಲ್ಮೆಟ್ ಒಳಗೆ ಮಡಿಚಿ ಹೋಗುವಷ್ಟು ತೆಳ್ಳಗಿರಲಿ, ಇಲ್ಲದಿದ್ದರೆ ಅದು ಬೆನ್ನ ಮೇಲೆ ತೂಗುವ ಬೊಗಸೆಯಾಗಿ ನೀರು ತುಂಬಿಕೊಳ್ಳುತ್ತದೆ. ಹಿಂದೆ ಬೆನ್ನ ಮೇಲೆ ಪಟ್ಟಿಯ ಕೆಳಗೆ ಜಾಳಿಗೆ ಇಟ್ಟ ಕೋಟುಗಳಿವೆ, ಎದುರಿನ ಮಳೆ ಅಲ್ಲಿ ಬರುವುದಿಲ್ಲ, ಸ್ವಲ್ಪ ಗಾಳಿ ಆಡುತ್ತದೆ, ಅಂಥದ್ದು ಸಿಕ್ಕರೆ ತೊಗೊಳ್ಳಿ.

ಪ್ಯಾಂಟಿನ ವಿಷಯ ಯಾರೂ ಹೇಳುವುದಿಲ್ಲ. ತೊಯ್ದ ಸೀಟಿನ ಮೇಲೆ ಎಪ್ಪತ್ತು ಕಿಲೋ ಮನುಷ್ಯ ಕೂತರೆ ಆ ಬಟ್ಟೆ ಮೇಲೆ ಬೀಳುವ ಒತ್ತಡ ಸರಾಸರಿ 700 ಮಿಲಿಮೀಟರ್ ನೀರಿನಷ್ಟು, ಮೂಳೆ ಒತ್ತುವ ಜಾಗದಲ್ಲಿ ಇನ್ನೂ ಜಾಸ್ತಿ. 5,000ದ ಬಟ್ಟೆ ಅದನ್ನು ತಡೆಯುತ್ತದೆ. ತಡೆಯದಿರುವುದು ನಡುವಿನ ಹೊಲಿಗೆ. ನಾಲ್ಕು ಹೊಲಿಗೆ ಬಂದು ಸೇರುವ ಜಾಗವೇ ಸೀಟಿನ ಮೇಲೆ ಬರುತ್ತದೆ, ಅಲ್ಲಿಂದಲೇ ನೀರು ಹತ್ತುತ್ತದೆ, ಆಫೀಸಿನಲ್ಲಿ ನಿಂತೇ ಕೆಲಸ ಮಾಡಬೇಕಾಗುತ್ತದೆ. ಪ್ಯಾಂಟ್ ಕೊಳ್ಳುವಾಗ ಆ ಜಾಗದ ಟೇಪನ್ನು ಉಗುರಿನಿಂದ ಕೆರೆದು ನೋಡಿ.

ಸೈಕಲ್ಲಿನವರು, ನಡೆಯುವವರು, ಕ್ಯಾಸಲ್‌ರಾಕ್ ದಾಂಡೇಲಿ ಕಡೆ ಕಾಡು ಸುತ್ತುವವರು ಇದಕ್ಕೆ ಉಲ್ಟಾ. ನಿಮಗೆ ಪೊರೆಗಿಂತ ಕಂಡಿ ಮುಖ್ಯ. ಕಂಕುಳಲ್ಲಿ ಉದ್ದ ಜಿಪ್ಪು ಇರುವ ಜಾಕೆಟ್ ಬರುತ್ತದೆ, ತೆರೆದರೆ ಬೆಚ್ಚಗಿನ ತೇವದ ಗಾಳಿ ಭಸ್ಸನೆ ಹೊರಗೆ ಹೋಗುತ್ತದೆ. ಪೊರೆಯ ಮೂಲಕ ಆವಿ ಕಣಕಣವಾಗಿ ಸೋಸಿ ಹೋಗುವುದಕ್ಕೂ, ಕಂಡಿಯಿಂದ ಗಾಳಿಯೇ ಬದಲಾಗುವುದಕ್ಕೂ ಹೋಲಿಕೆ ಇಲ್ಲ. ಸೆಖೆಯಾದಾಗ ಕಿಟಕಿ ತೆರೆಯುತ್ತೀರೋ, ಗೋಡೆ ಉಸಿರಾಡಲಿ ಅಂತ ಕಾಯುತ್ತೀರೋ? ಗಾಡಿ ಮೇಲೆ ಮಾತ್ರ ಇದನ್ನು ತೆರೆಯಬೇಡಿ, ಅರವತ್ತರ ವೇಗದಲ್ಲಿ ಅಲ್ಲಿಂದಲೇ ನೀರು ನುಗ್ಗುತ್ತದೆ. ಅಳತೆಯಲ್ಲಿ ಒಂದು ಸೈಜ್ ದೊಡ್ಡದು ಆರಿಸಿ. ಜಾಕೆಟ್ಟಿಗೂ ಮೈಗೂ ನಡುವೆ ಜಾಗ ಇದ್ದರೆ, ನಡೆದ ಹಾಗೆಲ್ಲ ಅದು ತಿದಿ ಒತ್ತಿದಂತೆ ಗಾಳಿ ಹೊರಗೆ ದೂಡುತ್ತದೆ. ಮುಂದಿನ ಜಿಪ್ಪನ್ನು ಕೆಳಗಿನಿಂದಲೂ ತೆರೆಯಲು ಬಂದರೆ ಬಹಳ ಅನುಕೂಲ.

ದುಬಾರಿ ಪೊರೆ ಬೇಕಾಗುವುದು ಯಾರಿಗೆ? ಹಿಮಾಲಯಕ್ಕೆ ಹೋಗುವವರಿಗೆ, ಚಳಿದೇಶಕ್ಕೆ ಓದಲು ಹೊರಟ ಮಕ್ಕಳಿಗೆ. ಅಲ್ಲಿ ಆ 27 ಗ್ರಾಂ ವ್ಯತ್ಯಾಸ ಸಿಗುತ್ತದೆ.  ಹುಬ್ಬಳ್ಳಿ ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಓಡಾಡಿ ನಿಲ್ದಾಣದಿಂದ ಹತ್ತು ನಿಮಿಷ ನಡೆಯುವವರು ಜಾಕೆಟ್ ವಿಚಾರವನ್ನೇ ಬಿಟ್ಟು ಗಟ್ಟಿಯ ಛತ್ರಿ ತೊಗೊಳ್ಳಿ. ಛತ್ರಿಯಷ್ಟು ಉಸಿರಾಡುವ ವಾಟರ್‌ಪ್ರೂಫ್ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಹೊಲದಲ್ಲಿ ಕೆಲಸ ಮಾಡುವವರಿಗೆ ನಾನೇನು ಹೇಳಲಿ, ಅವರು ಮೊದಲೇ ಕಂಡುಕೊಂಡಿದ್ದಾರೆ. ಕಲಘಟಗಿ ಹತ್ತಿರದ ನಮ್ಮ ಕಾಕಾ ಭತ್ತದ ಗದ್ದೆಯಲ್ಲಿ ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾನೆ. ತಲೆ, ಬೆನ್ನು ಒಣಗಿರುತ್ತದೆ, ಎದೆ, ಬದಿ ಪೂರ್ತಿ ಬಯಲು. ಬೆವರಿದ್ದು ಬೆವರಿದ ಹಾಗೇ ಹಾರಿಹೋಗುತ್ತದೆ. ಅವನ ಅಪ್ಪ ಕಂಬಳಿ ಕೊಪ್ಪೆ ಹಾಕುತ್ತಿದ್ದನಂತೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ, ಸಣ್ಣ ಮಳೆಗೆ ನೀರು ಮೇಲೇ ಜಾರುತ್ತದೆ. ದಿನಪೂರ್ತಿ ಸುರಿದರೆ ಮಾತ್ರ ಕಂಬಳಿ ಹೊರಲಾರದಷ್ಟು ಭಾರ. ನನ್ನ ಹೊಸ ಜಾಕೆಟ್ ಮುಟ್ಟಿ ನೋಡಿ ಕಾಕಾ ಕೇಳಿದ್ದು ಒಂದೇ ಮಾತು, "ತಮ್ಮಾ, ಇದಕ್ಕ ಬದಿಗೆ ಯಾಕ ಮುಚ್ಚ್ಯಾರ?"

ಹಾಕಿಕೊಳ್ಳುವ ರೀತಿ

ಒಳಗೆ ಹತ್ತಿ ಬನಿಯನ್ನು ಬೇಡ. ಅದು ಬೆವರು ಕುಡಿದು ಇಟ್ಟುಕೊಳ್ಳುತ್ತದೆ, ಆಮೇಲೆ ಗಾಳಿ ಹೊಡೆದಾಗ ಮೈ ಗಡಗಡ ನಡುಗುತ್ತದೆ. ಆಟದ ಟೀಶರ್ಟಿನ ಥರದ ತೆಳು ಪಾಲಿಯೆಸ್ಟರ್ ಹಾಕಿ, ಆದಷ್ಟು ಪೂರ್ತಿ ತೋಳಿನದು. ಬರಿ ಮುಂಗೈಗೆ ಪಿಯು ಲೇಪನ ತಾಗಿದರೆ ಅಂಟಂಟು, ಜಾಕೆಟ್ ಸೋರಿದೆ ಅಂತಲೇ ಅನಿಸುತ್ತದೆ.

ಜೋರಾಗಿ ಸೈಕಲ್ ತುಳಿಯುವ ಮುಂಚೆ, ಏರು ಹತ್ತುವ ಮುಂಚೆ ತುಸು ಚಳಿ ಅನಿಸುವಷ್ಟೇ ಬಟ್ಟೆ ಇರಲಿ. ಮನೆ ಬಾಗಿಲಲ್ಲೇ ಬೆಚ್ಚಗಿದ್ದರೆ ಎರಡು ಕಿಲೋಮೀಟರಿಗೆ ಬೆವರು ಶುರು. ಬೆವರು ಹನಿಯಾಗುವ ಮೊದಲೇ ಜಿಪ್ಪು ತೆರೆಯಿರಿ, ತೊಯ್ದ ಮೇಲೆ ತೆರೆದು ಉಪಯೋಗವಿಲ್ಲ. ಮತ್ತೆ, ಆಗಸ್ಟ್ ತಿಂಗಳ ಬಿಸಿಯಲ್ಲಿ ಅರ್ಧ ಗಂಟೆ ಸಣ್ಣ ಸೋನೆ ಇದ್ದರೆ, ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜಾಕೆಟ್ಟಿಲ್ಲದೆ ಸುಮ್ನೆ ತೊಯ್ದುಬಿಡಿ. ಹೇಗೂ ಒಳಗಿನಿಂದ ತೊಯ್ಯುವವರಿದ್ದಿರಿ, ಹೊರಗಿನ ನೀರಾದರೂ ತಂಪಾಗಿರುತ್ತದೆ.

ಒಗೆಯುವುದು, ಇಡುವುದು

ಹೆಚ್ಚಿನ ಜಾಕೆಟ್ ಹಾಳಾಗುವುದು ಮಳೆಗಲ್ಲ, ಕೊಳೆಗೆ ಮತ್ತು ಗಾಡಿ ಸೀಟಿನ ಕೆಳಗಿನ ಡಿಕ್ಕಿಗೆ. ಒಗೆದರೆ ವಾಟರ್‌ಪ್ರೂಫ್ ಹೋಗುತ್ತದೆ ಅಂತ ಹೆದರಿ ಜನ ವರ್ಷಗಟ್ಟಲೆ ಒಗೆಯುವುದೇ ಇಲ್ಲ. ರಸ್ತೆ ಧೂಳು, ಬೆವರಿನ ಜಿಡ್ಡು ಕೂತರೆ ಡಿಡಬ್ಲ್ಯೂಆರ್ ಕೆಲಸ ಮಾಡುವುದಿಲ್ಲ. ಮೃದುವಾದ ದ್ರವ ಸೋಪು ಸ್ವಲ್ಪವೇ ಹಾಕಿ ಒಗೆಯಿರಿ, ಒಗೆಯುವ ಕಲ್ಲಿಗೆ ಬಡಿಯಬೇಡಿ, ಬ್ರಶ್ ತಿಕ್ಕಬೇಡಿ, ಹಿಂಡಬೇಡಿ. ಘಮ ಬರಲಿ ಅಂತ ಹಾಕುವ ಸಾಫ್ಟನರ್ ಅಂತೂ ಬೇಡವೇ ಬೇಡ, ಅದು ಬಟ್ಟೆ ಮೇಲೆ ಪದರ ಬಿಟ್ಟು ನೀರನ್ನು ಕರೆದು ಕೂರಿಸುತ್ತದೆ. ನೀರಲ್ಲಿ ಎರಡು ಸಲ ಜಾಲಿಸಿ ನೆರಳಲ್ಲಿ ಹರವಿ.

ಒಣಗಿದ ಮೇಲೆ ಸ್ವಲ್ಪ ಶಾಖ ಕೊಟ್ಟರೆ ಆ ಲೇಪನ ಮತ್ತೆ ಚೇತರಿಸಿಕೊಳ್ಳುತ್ತದೆ. ಒಳಗಿನ ಚೀಟಿಯಲ್ಲಿ ಇಸ್ತ್ರಿ ಚಿತ್ರಕ್ಕೆ ಕಾಟು ಹೊಡೆದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮೇಲೆ ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಮೆಲ್ಲಗೆ ಇಸ್ತ್ರಿ ಆಡಿಸಿ. ಪಿವಿಸಿ ಕೋಟಿಗೆ ಇಸ್ತ್ರಿ ಮುಟ್ಟಿಸಿದಿರೋ, ಕೋಟೂ ಹೋಯಿತು ಇಸ್ತ್ರಿಯೂ ಹೋಯಿತು. ಇಷ್ಟಾದರೂ ಹನಿ ಉರುಳದಿದ್ದರೆ ನಿಕ್‌ವ್ಯಾಕ್ಸ್, ಗ್ರೇಂಜರ್ಸ್ ಥರದ ಸ್ಪ್ರೇ ಬರುತ್ತವೆ, ಹೊಡೆದರೆ ಸ್ವಲ್ಪ ಕಾಲ ಸರಿ ಹೋಗುತ್ತದೆ. ಹಳೆಯ ಕಾಲದ ಫ್ಲೋರಿನ್ ಲೇಪನ ಹೆಚ್ಚು ದಿನ ಬಾಳುತ್ತಿತ್ತು, ಆದರೆ ಆ ರಾಸಾಯನಿಕ ಮಣ್ಣು ನೀರಿನಲ್ಲಿ ಕೊಳೆತು ಹೋಗದೆ ಉಳಿಯುತ್ತದೆ ಅಂತ ಹಲವು ಕಂಪನಿಗಳು ಬಿಡುತ್ತಿವೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರಿಂದ ಅಂಥ ಹೆಚ್ಚಿನ ಹೊಸ ಬಟ್ಟೆಗಳ ಮಾರಾಟ ನಿಲ್ಲಿಸಿದೆ. ಹೊಸ ಲೇಪನಗಳು ಜಿಡ್ಡಿಗೆ ಬೇಗ ಸೋಲುತ್ತವೆ, ಅಂದರೆ ಒಗೆಯುವ ಕೆಲಸ ಇನ್ನೂ ಹೆಚ್ಚಾಯಿತು.

ಡಿಕ್ಕಿ ಬಗ್ಗೆ ಕೊನೆಯದಾಗಿ. ಒದ್ದೆ ಕೋಟನ್ನು ಉಂಡೆ ಮಾಡಿ ಡಿಕ್ಕಿಗೆ ತುರುಕಿ ಮರುದಿನ ತೆಗೆಯುವುದು ನಮ್ಮೆಲ್ಲರ ಚಟ. ಪಿಯು ಲೇಪನಕ್ಕೆ ತೇವ ಮತ್ತು ಬಿಸಿ ಸೇರಿದರೆ ವಿಷ. ಅದು ಒಳಗೊಳಗೇ ಕೊಳೆತು ಒಂದು ದಿನ ಬಿಳಿ ಹೊಟ್ಟಿನ ಹಾಗೆ ಉದುರುತ್ತದೆ, ಅಂಟಂಟಾಗುತ್ತದೆ, ಟೇಪು ಎದ್ದು ಬರುತ್ತದೆ. ಅಲ್ಲಿಗೆ ಬಂದ ಜಾಕೆಟ್ಟಿಗೆ ಔಷಧ ಇಲ್ಲ. ಆಫೀಸು ಮುಟ್ಟಿದ ಕೂಡಲೇ ಬಿಡಿಸಿ ಎಲ್ಲಾದರೂ ತೂಗುಹಾಕಿ, ಕೆಳಗೆ ನೀರು ಬಿತ್ತು ಅಂತ ಯಾರಾದರೂ ಗೊಣಗಿದರೆ ಹಳೆಯ ಪೇಪರ್ ಹಾಸಿ. ಡಿಕ್ಕಿಯಲ್ಲಿ ಅದರ ಬದಲು ಒಂದು ಪ್ಲಾಸ್ಟಿಕ್ ಚೀಲದೊಳಗೆ ಟವೆಲ್ಲು, ಒಂದು ಜೊತೆ ಸಾಕ್ಸು, ಒಂದು ಒಣ ಬನಿಯನ್ನು ಇಟ್ಟುಕೊಳ್ಳಿ. ನನ್ನ ದುಬಾರಿ ಜಾಕೆಟ್ ಕೊಡದ ಸುಖವನ್ನು ಉಣಕಲ್ಲಿನ ಚಹಾ ಅಂಗಡಿ ಹಿಂದೆ ನಿಂತು ಬದಲಾಯಿಸಿದ ಆ ಬನಿಯನ್ನು ಎಷ್ಟು ಸಲ ಕೊಟ್ಟಿದೆಯೋ ಲೆಕ್ಕವಿಲ್ಲ.